ಒಡಲೂ ಉಂಟು, ಅಂಚೂ ಉಂಟು: ಪ್ಯಾರಿಸ್ಸಿನ ಮರದ ನೆಲ

ಪ್ಯಾರಿಸ್ ಎಂದೊಡನೆ ಅದು ತಲೆಯೆತ್ತಿ ನೋಡುವ ಊರು ಎಂದೇ ನಮ್ಮೆಲ್ಲರ ಎಣಿಕೆ. ಐಫೆಲ್ ಗೋಪುರ, ನೋತ್ರ್ ದಾಮ್ ಚರ್ಚಿನ ಜೋಡಿ ಗೋಪುರ, ವಿಜಯದ ಕಮಾನು, ಎಲ್ಲವೂ ಕತ್ತು ನೋಯುವಷ್ಟು ಎತ್ತರ. ಅವುಗಳ ವರ್ಣನೆಯನ್ನು ಓದುಗ ಸೋದರಿಯರು ಬೇಕಾದಷ್ಟು ಓದಿದ್ದೀರಿ. ನಾನು ಈಗ ಹೇಳಹೊರಟಿರುವುದು ತಲೆ ತಗ್ಗಿಸಿ ನೋಡಬೇಕಾದ ಒಂದು ವಸ್ತುವಿನ ವಿಚಾರ. ಅದೇ ಆ ಊರಿನ ಮನೆಗಳ ನೆಲ!

ನಮ್ಮಲ್ಲಿ ನೆಲ ಅಂದರೆ ಕಾವಿ ನೆಲ, ಕಡಪಾ ಕಲ್ಲು, ಶಹಾಬಾದ್ ಕಲ್ಲು, ಮೊಸಾಯಿಕ್, ಈಗೀಗ ಹೊಳೆಯುವ ಟೈಲ್ಸು. ಮಲೆನಾಡಿನ ಹಳೆಯ ಮನೆಗಳಲ್ಲಿ ಮೆತ್ತಿಗೆ ಹಲಗೆ ಹಾಸಿರುತ್ತಾರೆ, ಅಷ್ಟೆ. ಪ್ಯಾರಿಸ್ಸಿನಲ್ಲಿ ಹಾಗಲ್ಲ. ನೂರು ನೂರೈವತ್ತು ವರ್ಷದ ಕಟ್ಟಡಗಳಲ್ಲಿ ಮಲಗುವ ಕೋಣೆ, ಊಟದ ಕೋಣೆ, ಪಡಸಾಲೆ ಎಲ್ಲಕ್ಕೂ ಓಕ್ ಮರದ ಚಿಕ್ಕಚಿಕ್ಕ ಪಟ್ಟಿಗಳನ್ನು ಜೋಡಿಸಿ ನೆಲ ಮಾಡಿರುತ್ತಾರೆ. ಇದಕ್ಕೆ ಅವರು 'ಪಾರ್ಕೆ' ಅನ್ನುತ್ತಾರೆ. ಮನೆ ಮಾರುವವರು ಜಾಹೀರಾತು ಕೊಡುವಾಗ "ಪಾರ್ಕೆ ಇದೆ, ಚಾವಣಿಗೆ ಗಾರೆಯ ಹೂಬಳ್ಳಿ ಇದೆ, ಅಗ್ಗಿಷ್ಟಿಕೆ ಇದೆ" ಎಂದು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಅಲ್ಲಿಯ ವಾಡಿಕೆ. ನಮ್ಮಲ್ಲಿ "ಬಾವಿ ಇದೆ, ಹಿತ್ತಿಲಿದೆ" ಅಂದ ಹಾಗೆ!

ಕಸೂತಿಯ ಹೊಲಿಗೆ ನೆಲಕ್ಕೆ ಇಳಿದದ್ದು

ಹೊಲಿಗೆ ಕ್ಲಾಸಿಗೆ ಹೋದವರಿಗೆಲ್ಲ 'ಹೆರಿಂಗ್‌ಬೋನ್ ಸ್ಟಿಚ್' ಗೊತ್ತು. ಹೆರಿಂಗ್ ಎಂಬುದು ಒಂದು ಮೀನು. ಅದರ ಬೆನ್ನುಮೂಳೆಯ ಎರಡೂ ಕಡೆ ಮುಳ್ಳುಗಳು ಓರೆಯಾಗಿ ಹೊರಟಿರುತ್ತವಲ್ಲ, ಆ ಮಾದರಿ. ಮೀನು ತಿನ್ನದವರು ತೆಂಗಿನ ಗರಿ ಎಂದುಕೊಂಡರೂ ಸರಿಯೇ. ಇದೇ ಮಾದರಿಯಲ್ಲಿ ಪಟ್ಟಿ ಜೋಡಿಸಿದರೆ ಹೆರಿಂಗ್‌ಬೋನ್ ನೆಲ. ಪ್ರತಿ ಪಟ್ಟಿಯ ತುದಿಯೂ ನೇರವಾಗಿ ಕತ್ತರಿಸಿರುತ್ತದೆ. ಒಂದರ ತುದಿ ಇನ್ನೊಂದರ ಪಕ್ಕೆಗೆ ಒತ್ತಿ ನಿಂತು, ಜಡೆ ಹೆಣೆದ ಹಾಗೆ ಒಳಗೊಂದು ಹೊರಗೊಂದು ಸಾಗುತ್ತದೆ. ಫ್ರೆಂಚರು ಇದನ್ನು 'ಮುರಿದ ಕೋಲು' ಎಂದು ಕರೆಯುತ್ತಾರೆ. ಪ್ರಾಚೀನ ರೋಮನ್ನರು ಇಟ್ಟಿಗೆಯಲ್ಲಿ ಇದೇ ವಿನ್ಯಾಸ ಮಾಡುತ್ತಿದ್ದರು. ಅವರ ಹೆಸರು ಇನ್ನೂ ಚೆಂದ, ತೆನೆಯ ಕೆಲಸ ಅಂತ. ಗೋಧಿಯ ತೆನೆಯಲ್ಲಿ ಕಾಳು ಕೂತ ಹಾಗೆ ಕಾಣುತ್ತದಲ್ಲ, ಅದಕ್ಕೆ.

ಇದಕ್ಕೊಬ್ಬ ತಂಗಿ ಇದ್ದಾಳೆ. ಪಟ್ಟಿಗಳ ತುದಿಯನ್ನು ಓರೆಯಾಗಿ ಕೊಯ್ದು, ಎರಡೆರಡನ್ನು ಎದುರುಬದುರು ಇಟ್ಟು, ನಡುವೆ ಬೈತಲೆ ತೆಗೆದಂತೆ ನೇರ ಗೆರೆ ಬರಿಸುವುದು. ಇದಕ್ಕೆ 'ಹಂಗೇರಿಯ ಹೊಲಿಗೆ' ಎಂದು ಹೆಸರು! ಕಸೂತಿಯಲ್ಲಿ ಉಲ್ಲನ್ ದಾರದಿಂದ ಅಂಕುಡೊಂಕಾಗಿ ಹಾಕುವ ಒಂದು ಹೊಲಿಗೆಗೂ ಅದೇ ಹೆಸರು. ಬಡಗಿಯ ಕೆಲಸಕ್ಕೆ ಹೆಂಗಸರ ಸೂಜಿ ಕೆಲಸದ ಹೆಸರು ಬಿದ್ದಿರುವುದನ್ನು ಕೇಳಿ ನನಗಂತೂ ಬಲು ಖುಷಿಯಾಯಿತು. ಎರಡು ನೆಲಗಳಿಗೆ ವ್ಯತ್ಯಾಸ ಗುರುತಿಸುವುದು ಸುಲಭ. ನಡುವೆ ನೇರ ಬೈತಲೆ ಇದ್ದರೆ ಹಂಗೇರಿಯದು, ಜಡೆ ಇದ್ದರೆ ಹೆರಿಂಗ್‌ಬೋನ್.

ಮೂರನೆಯ ಮಹಡಿಯ ಮೂಲೆ ಕೋಣೆ

ನಾನು ಹೋದದ್ದು ಮಗಳ ಬಾಣಂತನಕ್ಕೆ. ಆಗಸ್ಟ್ ಕೊನೆಗೆ ಹೋದೆ, ದಿನ ತುಂಬುವುದು ಅಕ್ಟೋಬರ್ ಕೊನೆಗೆ ಎಂದಿದ್ದರು. ಮಗಳು-ಅಳಿಯ ಆಗಷ್ಟೇ ಸಾಲ ಮಾಡಿ ಒಂದು ಹಳೆಯ ಮನೆ ಕೊಂಡಿದ್ದರು. ಮೂರನೆಯ ಮಹಡಿ, ಎರಡೇ ಕೋಣೆ. 1853ರಿಂದ 1870ರವರೆಗೆ ಅಲ್ಲಿ ಆಡಳಿತಾಧಿಕಾರಿಯಾಗಿದ್ದ ಓಸ್‌ಮನ್ ಎಂಬಾತ ಹಳೆಯ ಓಣಿಗಳನ್ನು ಒಡೆಸಿ ಅಗಲ ರಸ್ತೆಗಳನ್ನು ಮಾಡಿಸಿದ. ಆ ರಸ್ತೆಗಳ ಇಕ್ಕೆಲದಲ್ಲಿ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಎದ್ದ ಕಲ್ಲಿನ ಕಟ್ಟಡಗಳನ್ನು ಇಂದಿಗೂ ಅವನ ಹೆಸರಿನಿಂದಲೇ ಗುರುತಿಸುತ್ತಾರೆ. ಮಗಳ ಮನೆಯೂ ಅದೇ ಶೈಲಿಯ ಕಟ್ಟಡದಲ್ಲಿ.

ಕೂಸಿಗೂ ತಾಯಿಗೂ ಅಂತ ಎತ್ತಿಟ್ಟಿದ್ದು ಕಿಟಕಿಯ ಪಕ್ಕದ ಕೋಣೆ. ಅದರ ನೆಲಕ್ಕೆ ಹಿಂದಿನವರು ಬೂದು ಬಣ್ಣದ ಜಮಖಾನೆ ಅಂಟಿಸಿಬಿಟ್ಟಿದ್ದರು. ಮೂಲೆಯಲ್ಲಿ ಕಾಲಿಟ್ಟರೆ ಮೆತ್ತಗೆ ಒಳಕ್ಕೆ ಹೋಗುತ್ತಿತ್ತು. ಜಮಖಾನೆ ಕಿತ್ತಾಗ ನೋಡುತ್ತೇವೆ, ಕೆಳಗೆ ಜಡೆ ಹೆಣೆದಂಥ ಓಕ್ ನೆಲ! ಆದರೆ ಮೂಲೆ ಮಾತ್ರ ಕಪ್ಪಗೆ ಕೊಳೆತಿದೆ. ಗೋಡೆಯಾಚೆ ಹಿಂದಿನವರ ಬಟ್ಟೆ ಒಗೆಯುವ ಯಂತ್ರವಿತ್ತಂತೆ. ಅದರ ಪೈಪು ತಿಂಗಳುಗಟ್ಟಲೆ ಒಸರಿ ನೀರೆಲ್ಲ ನೆಲದೊಳಗೆ ಇಳಿದಿತ್ತು. ಕೆಳಗಿನ ಮನೆಯ ಚಾವಣಿಯಲ್ಲಿ ಹಂಡೆ ಅಗಲದ ಹಳದಿ ಕಲೆ. ಆ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ ಒಂಟಿಯಾಗಿದ್ದರು. ಮೆಟ್ಟಿಲಲ್ಲಿ ಸಿಕ್ಕಾಗ ಮುಗುಳುನಕ್ಕು "ಬೋಂಜೂರ್ ಮದಾಮ್" ಅನ್ನುತ್ತಿದ್ದರು. ಆದರೆ ಮಗಳ ಹತ್ತಿರ ಕಡ್ಡಿ ಮುರಿದ ಹಾಗೆ ಹೇಳಿದ್ದರಂತೆ: "ಇನ್ನೊಂದು ಹನಿ ನೀರು ನನ್ನ ತಲೆಯ ಮೇಲೆ ಬೀಳಕೂಡದು."

ನನ್ನ ಫಜೀತಿ ಯೋಚಿಸಿ ನೋಡಿ! ಬಾಣಂತನ ಅಂದರೆ ನೀರು. ಎಣ್ಣೆ ಹಚ್ಚಿ, ಹಂಡೆಗಟ್ಟಲೆ ಬಿಸಿನೀರು ಹೊಯ್ದು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ಮೀಯಿಸಬೇಕು. ಆಮೇಲೆ ನೆಲವನ್ನು ತೊಳೆದು ಬಳಿಯಬೇಕು. ಇಲ್ಲಿ ನೋಡಿದರೆ ನೀರೇ ಶತ್ರು.

ಅಳಿಯಂದಿರಿಗೆ ಖರ್ಚಿನ ಯೋಚನೆ. ಮೇಲೊಂದು ಪ್ಲಾಸ್ಟಿಕ್ ಹಾಳೆ ಅಂಟಿಸಿದರೆ ಎರಡೇ ದಿನದ ಕೆಲಸ ಅಂದರು. ತಪ್ಪೇನೂ ಇಲ್ಲ, ಸಾಲದ ಕಂತು ಬೇರೆ ಇತ್ತಲ್ಲ. ಮಗಳಿಗೆ ಮಾತ್ರ ಮನಸ್ಸಿಲ್ಲ. "ಅಮ್ಮಾ, ಮಗು ಮೊದಲು ಅಂಬೆಗಾಲಿಡೋದು ಈ ನೆಲದ ಮೇಲೆ. ಪ್ಲಾಸ್ಟಿಕ್ ಮೇಲೆ ಇಡಬೇಕಾ?" ಎಂದಳು. ಕಡೆಗೆ ಒಬ್ಬ ಪಾರ್ಕೆ ಕೆಲಸಗಾರನನ್ನು ಕರೆಸಿದರು. ಪೋರ್ಚುಗಲ್ ಕಡೆಯವನು, ಐವತ್ತರ ಪ್ರಾಯ, ಎರಡು ಮಂಡಿಗೂ ಚರ್ಮದ ದಿಂಬು ಕಟ್ಟಿಕೊಂಡೇ ಬಂದ. ಮೂಲೆಯಲ್ಲಿ ಕೂತು ನಾಲ್ಕು ಪಟ್ಟಿ ಎಬ್ಬಿಸಿ, ಅಡಿಯ ತೊಲೆಗೆ ಚಾಕು ಚುಚ್ಚಿ ನೋಡಿದ. ಚಾಕು ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಅಲ್ಲಿಗೆ ಅರ್ಧ ತೀರ್ಮಾನವಾದ ಹಾಗೆಯೇ. ಹಸಿ ಮರದ ಮೇಲೆ ಪ್ಲಾಸ್ಟಿಕ್ ಮುಚ್ಚಿದರೆ ನೀರಾರಲು ದಾರಿಯಿಲ್ಲ, ಕೊಳೆ ಒಳಗೊಳಗೇ ಹಬ್ಬುತ್ತದೆ. ಏನೇ ಮಾಡಿದರೂ ನೆಲ ಬಿಚ್ಚಲೇಬೇಕು, ತೊಲೆ ಬದಲಿಸಲೇಬೇಕು. ಬಿಚ್ಚಿದ ಮೇಲೆ ಏನು ಹಾಸುವುದು ಎಂಬುದೊಂದೇ ಪ್ರಶ್ನೆ.

ಅರಮನೆಯಲ್ಲೂ ಇದೇ ಕಥೆ!

ಆತ ಅಂದಾಜು ಕೊಡಲು ನಾಲ್ಕು ದಿನ ಕೇಳಿದ. ಆ ಸಮಯದಲ್ಲಿ ಅಳಿಯಂದಿರು ನನ್ನನ್ನು ವರ್ಸಾಯ್ ಅರಮನೆಗೆ ಕರೆದುಕೊಂಡು ಹೋದರು. ಪ್ಯಾರಿಸ್ಸಿನಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಹದಿನಾಲ್ಕನೆಯ ಲೂಯಿ ರಾಜ ಕಟ್ಟಿಸಿದ್ದು. 73 ಮೀಟರ್ ಉದ್ದದ ಕನ್ನಡಿ ಹಜಾರವಿದೆ, 1678ರಿಂದ 1684ರವರೆಗೆ ಕಟ್ಟಿದ್ದು. ತೋಟದ ಕಡೆಗೆ 17 ಕಿಟಕಿ, ಅದಕ್ಕೆ ಎದುರಾಗಿ 17 ಕಮಾನು, ಕಮಾನುಗಳ ತುಂಬ ಒಟ್ಟು 357 ಕನ್ನಡಿಗಳು. ಮೊದಲ ಮಹಾಯುದ್ಧದ ಒಪ್ಪಂದಕ್ಕೆ 1919ರ ಜೂನ್ 28ರಂದು ಸಹಿ ಬಿದ್ದದ್ದು ಇದೇ ಹಜಾರದಲ್ಲಿ.

ಜನ ಕನ್ನಡಿ ನೋಡುತ್ತಿದ್ದರೆ ನನ್ನ ಕಣ್ಣು ನೆಲದ ಮೇಲೆ. ಅಷ್ಟು ದೊಡ್ಡ ಅರಮನೆ, ನೆಲ ಮಾತ್ರ ಮರದ್ದು! ಯಾಕೆ ಅಂತೀರಾ? ಮೊದಲು ಅಮೃತಶಿಲೆಯೇ ಇತ್ತಂತೆ. ಕಲ್ಲಿನ ನೆಲವನ್ನು ಮೇಲಿಂದ ಮೇಲೆ ತೊಳೆಯಬೇಕು. ತೊಳೆದ ನೀರು ಸಂದಿಗಳಲ್ಲಿ ಇಳಿದು ಅಡಿಯ ಮರದ ತೊಲೆಗಳು ಕೊಳೆಯತೊಡಗಿದವು. ಅದಕ್ಕೇ 1684ರಲ್ಲಿ ಕಲ್ಲು ತೆಗೆದು ಮರದ ಚೌಕಗಳನ್ನು ಹಾಸಿದರು. ಒಂದೊಂದೂ ಹೆಚ್ಚುಕಡಿಮೆ ಒಂದು ಮೀಟರ್ ಚೌಕ, ಒಳಗೆ ಪಟ್ಟಿಗಳನ್ನು ಬುಟ್ಟಿ ಹೆಣೆದ ಹಾಗೆ ಒಂದರೊಳಗೊಂದು ತೂರಿಸಿ ಕೂಡಿಸಿದ್ದು. ಇಂದಿಗೂ ಆ ಚೌಕಗಳಿಗೆ ವರ್ಸಾಯ್ ಪಾರ್ಕೆ ಎಂದೇ ಹೆಸರು. ಫ್ರಾನ್ಸ್ ದೊರೆಯ ಮನೆಯಲ್ಲೂ ನೆಲ ಒರೆಸುವ ನೀರಿನದೇ ತಂಟೆ ಎಂದು ತಿಳಿದಾಗ, ಮಗಳ ಮನೆಯ ಮೂಲೆ ಅಷ್ಟೇನೂ ದೊಡ್ಡ ಅಪರಾಧವಲ್ಲ ಅನ್ನಿಸಿತು.

ಮರ ಓಕ್ ಎಂದೆನಲ್ಲ. ನಮಗೆ ತೇಗ ಹೇಗೋ ಅವರಿಗೆ ಓಕ್ ಹಾಗೆ. ಇದೇ ಲೂಯಿ ರಾಜನ ಮಂತ್ರಿ ಕೋಲ್ಬೇರ್ 1670ರಲ್ಲಿ ನಡುನಾಡಿನ ತ್ರೊಂಸೆ ಎಂಬ ಕಾಡನ್ನು, ಮುಂದಿನ ಕಾಲದ ಯುದ್ಧದ ಹಡಗುಗಳಿಗೆ ಓಕ್ ಬೇಕಾಗುತ್ತದೆಂದು ಕಟ್ಟುನಿಟ್ಟಾಗಿ ಬೆಳೆಸಲು ಏರ್ಪಾಡು ಮಾಡಿದ. ಮರ ಬಲಿಯಲು ಇನ್ನೂರು ವರ್ಷ ಬೇಕು. ಅಷ್ಟು ಹೊತ್ತಿಗೆ ಕಬ್ಬಿಣದ ಹಡಗು ಬಂದಿತ್ತು! ಕಾಡು ಮಾತ್ರ ಉಳಿಯಿತು. ನೋತ್ರ್ ದಾಮ್ ಚರ್ಚಿನ ಚಾವಣಿ 2019ರ ಏಪ್ರಿಲಿನಲ್ಲಿ ಬೆಂಕಿಗೆ ಆಹುತಿಯಾದಾಗ, ಮತ್ತೆ ಕಟ್ಟಲು ಫ್ರಾನ್ಸಿನ ಕಾಡುಗಳಿಂದ ಸುಮಾರು 2,000 ಓಕ್ ಮರ ಬೇಕಾಯಿತು. 2024ರ ಡಿಸೆಂಬರಿನಲ್ಲಿ ಅದು ಮತ್ತೆ ತೆರೆಯಿತು.

ಮಂಡಿಯೂರಿದ ಮೂವರು

ಇನ್ನೊಂದು ದಿನ ಓರ್ಸೆ ಮ್ಯೂಸಿಯಂ. ಅದು 1900ರಲ್ಲಿ ರೈಲ್ವೆ ಸ್ಟೇಷನ್ ಆಗಿ ಕಟ್ಟಿದ್ದು, 1986ರಿಂದ ಚಿತ್ರಶಾಲೆಯಾಗಿದೆ. ಅಲ್ಲಿ ಕಾಯ್ಬೋತ್ ಎಂಬ ಕಲಾವಿದ 1875ರಲ್ಲಿ ಬರೆದ 'ನೆಲ ಹೆರೆಯುವವರು' ಎಂಬ ಚಿತ್ರವಿದೆ. ಬರಿಮೈಯ ಮೂವರು ಆಳುಗಳು ಖಾಲಿ ಕೋಣೆಯೊಂದರಲ್ಲಿ ಮಂಡಿಯೂರಿ, ತೋಳು ಚಾಚಿ ನೆಲ ಹೆರೆಯುತ್ತಿದ್ದಾರೆ. ಸುತ್ತ ಸುರುಳಿ ಸುರುಳಿಯಾದ ಹೆರಕಲು. ಬದಿಗೆ ಒಂದು ದ್ರಾಕ್ಷಾರಸದ ಬಾಟಲಿ. ಕಿಟಕಿಯ ಬೆಳಕು ಹೆರೆದ ಕಡೆ ಒಂದು ಬಗೆ, ಹೆರೆಯದ ಕಡೆ ಇನ್ನೊಂದು ಬಗೆ ಹೊಳೆಯುತ್ತದೆ. ಅಲ್ಲಿರುವುದು ಜಡೆಯ ವಿನ್ಯಾಸವಲ್ಲ, ನೇರ ಹಲಗೆಗಳು.

ಆ ಕಾಲದ ಸರ್ಕಾರಿ ಪ್ರದರ್ಶನದವರು ಈ ಚಿತ್ರವನ್ನು ತಿರಸ್ಕರಿಸಿದರಂತೆ. ದೇವತೆಗಳನ್ನೋ ರಾಜರನ್ನೋ ಬರೆಯುವುದು ಬಿಟ್ಟು ಕೂಲಿಯವರನ್ನು ಬರೆಯುವುದೇ? ಮರುವರ್ಷ, ಅಂದರೆ 1876ರಲ್ಲಿ, ಕಾಯ್ಬೋತ್ ಗೆಳೆಯರೊಡನೆ ಸೇರಿ ಬೇರೆ ಪ್ರದರ್ಶನದಲ್ಲಿ ಇಟ್ಟ. ಇಂದು ಜನ ಅದರ ಮುಂದೆ ಗುಂಪುಗೂಡಿ ನಿಲ್ಲುತ್ತಾರೆ. ನೆಲ ಸಾರಿಸಿ ಗೊತ್ತಿರುವ ನಮಗೆ ಆ ಮೂವರ ಸೊಂಟದ ನೋವು ಯಾರೂ ಹೇಳದೆಯೇ ಅರ್ಥವಾಗುತ್ತದೆ.

ಅಂಚು ಉಳಿಸಿದ ಸಂಸಾರ

ಕೆಲಸಗಾರ ಲೆಕ್ಕ ತಂದ. ಕೋಣೆ ನಾಲ್ಕು ಮೀಟರ್ ಉದ್ದ, ಮೂರೂವರೆ ಅಗಲ, ಒಟ್ಟು 14 ಚದರ ಮೀಟರ್. ಮೂಲೆಯಲ್ಲಿ ಕೊಳೆತದ್ದು ಎರಡೂವರೆ ಚದರ ಮೀಟರಿನಷ್ಟು. ಉಳಿದ ಹನ್ನೊಂದೂವರೆಯ ಪಟ್ಟಿಗಳು ಕಬ್ಬಿಣದ ಹಾಗಿವೆ. ಆದರೆ ಅವು ಕೋಣೆಗೆ ಸಾಲವು. ಹಾಳಾದ ಕಡೆಗೆ ಮಾತ್ರ ಹೊಸ ಓಕ್ ಹಾಕಿದರೆ ಬಿಳಿಚಿಕೊಂಡು ತೇಪೆಯ ಹಾಗೆ ಎದ್ದು ಕಾಣುತ್ತದೆ. ಏನು ಮಾಡುವುದು?

ಆತ ಹೇಳಿದ ಉಪಾಯ ಕೇಳಿ, ಸೀರೆ ಉಡುವ ಯಾರಿಗಾದರೂ ಹೊಳೆಯುವಂಥದ್ದೇ! ಅಂಚು ಹಾಕುವುದು! ಕೋಣೆಯ ನಾಲ್ಕೂ ಕಡೆ ಗೋಡೆಯಿಂದ 25 ಸೆಂಟಿಮೀಟರ್ ಹೊಸ ಮರದ ಅಂಚು ಬಂದರೆ, ಒಡಲಿಗೆ ಉಳಿಯುವುದು ಮೂರೂವರೆಗೆ ಮೂರು ಮೀಟರ್, ಅಂದರೆ ಹತ್ತೂವರೆ ಚದರ ಮೀಟರ್. ಕೊಯ್ದು ಹಾಳಾಗುವುದಕ್ಕೆ ನೂರಕ್ಕೆ ಹತ್ತು ಸೇರಿಸಿ ಹನ್ನೊಂದೂವರೆ. ಇರುವ ಹಳೆಯ ಪಟ್ಟಿ ಸರಿಹೋಯಿತು! ಹಳೆಯ ಪತ್ತಲಕ್ಕೆ ಅಂಚು ಹರಿದಾಗ ನಮ್ಮ ಅಜ್ಜಿಯಂದಿರು ಬೇರೆ ಅಂಚು ಕೂಡಿಸಿ ಒಡಲನ್ನು ಉಳಿಸಿಕೊಳ್ಳುತ್ತಿರಲಿಲ್ಲವೇ, ಅದೇ ಲೆಕ್ಕ.

ಮಗಳು ಕಾಗದದ ಮೇಲೆ ಇನ್ನೊಂದು ಲೆಕ್ಕ ಮಾಡಿದಳು. ಒಂದು ಪಟ್ಟಿ 7 ಸೆಂಟಿಮೀಟರ್ ಅಗಲ, 42 ಉದ್ದ. ಹತ್ತೂವರೆ ಚದರ ಮೀಟರಿಗೆ ಎಷ್ಟು ಪಟ್ಟಿ? 357! ಅರಮನೆಯ ಕನ್ನಡಿಗಳಷ್ಟೇ! ಅಳಿಯಂದಿರೂ ನಕ್ಕುಬಿಟ್ಟರು. ಪ್ಲಾಸ್ಟಿಕ್ ಹಾಳೆಯ ಮಾತು ಅಲ್ಲಿಗೆ ನಿಂತಿತು. ಹಾಳೆಗಿಂತ ಖರ್ಚು ಹೆಚ್ಚೇ, ಆದರೆ ಎಲ್ಲ ಹೊಸದಾಗಿ ಮಾಡಿಸುವುದಕ್ಕಿಂತ ಎಷ್ಟೋ ಕಡಿಮೆ.

ಹೆಣಿಗೆ ಹೇಗೆ?

ಮೊದಲ ಮೂರು ದಿನ ಬಿಚ್ಚುವ ಕೆಲಸ. ಒಂದೊಂದೇ ಪಟ್ಟಿ ಎಬ್ಬಿಸಿ, ಹಳೆಯ ಮೊಳೆ ಕಿತ್ತು, ಬದಿಯ ಗಾಡಿಯಲ್ಲಿ ತುಂಬಿದ್ದ ನೂರಾರು ವರ್ಷದ ಧೂಳು ಕೆರೆದು, ಗೋಡೆಗೆ ಜೋಡಿಸಿಟ್ಟ. ಮಗಳನ್ನು ಅಷ್ಟೂ ದಿನ ಗೆಳತಿಯ ಮನೆಗೆ ಕಳಿಸಿದ್ದೆವು. ಧೂಳಿನ ಭಯ ಮಾತ್ರವಲ್ಲ. ಹಳೆಯ ಮನೆಗಳ ಬಣ್ಣದಲ್ಲಿ ಸೀಸ ಇರುತ್ತದೆ. 1949ಕ್ಕೂ ಹಿಂದಿನ ಮನೆ ಮಾರುವಾಗ ಸೀಸದ ಪರೀಕ್ಷೆಯ ಕಾಗದ ಕೊಡಲೇಬೇಕೆಂದು ಅಲ್ಲಿ ಕಾನೂನಿದೆ. ಬಸುರಿಯರು, ಎಳೆಮಕ್ಕಳು ಇರುವಲ್ಲಿ ಹಳೆಯ ಬಣ್ಣ ಕೆರೆಯುವುದು ನಮ್ಮಲ್ಲೂ ಒಳ್ಳೆಯದಲ್ಲ. ನೆನಪಿಡಿ.

ಕೊಳೆತ ತೊಲೆಗಳ ಜಾಗಕ್ಕೆ ಹೊಸವು ಬಂದವು. ತೊಲೆಗಳ ಸಂದಿಯಲ್ಲಿ ಸದ್ದು ಕೆಳಗಿಳಿಯದ ಹಾಗೆ ಕಾರ್ಕ್ ತುಂಬಿದ. ಅದರ ಮೇಲೆ ದಪ್ಪ ಪ್ಲೈವುಡ್ ಬಿಗಿದು, ಮಟ್ಟಗೋಲಿಟ್ಟು ಏರುತಗ್ಗು ನೋಡಿದ. ನೆಲದ ಗುಣ ನಿರ್ಧಾರವಾಗುವುದು ಇಲ್ಲಿಯೇ. ಅಡಿ ಮಟ್ಟವಿಲ್ಲದಿದ್ದರೆ ಮೇಲಿನ ಹೆಣಿಗೆ ಎಷ್ಟು ಚೆಂದವಿದ್ದರೂ ನಾಲ್ಕು ದಿನಕ್ಕೆ ಕಿರುಗುಟ್ಟುತ್ತದೆ.

ಆಮೇಲೆ ಗೆರೆ. ನಮ್ಮ ಬಡಗಿಗಳು ದಾರಕ್ಕೆ ಬಣ್ಣ ಹಚ್ಚಿ ಎಳೆದು ಬಿಡುವುದಿಲ್ಲವೇ, ಆತನೂ ಸೀಮೆಸುಣ್ಣದ ಪುಡಿ ಹಚ್ಚಿದ ದಾರವನ್ನು ಕಿಟಕಿಯ ಮಧ್ಯದಿಂದ ಎದುರು ಗೋಡೆಯವರೆಗೆ ಎಳೆದು ಟಣ್ ಎಂದು ಬಿಟ್ಟ. ಅದು ಬೆನ್ನುಮೂಳೆಯ ಗೆರೆ. ಸುತ್ತ ಅಂಚು ಬರುವಲ್ಲಿ ನಾಲ್ಕು ಗೆರೆ. ಹಳೆಯ ಮನೆಯಲ್ಲವೇ, ಎದುರು ಬದುರಿನ ಗೋಡೆಗಳು ಒಂದಕ್ಕೊಂದು ಸಮನಿರಲಿಲ್ಲ, ಮೂರು ಸೆಂಟಿಮೀಟರ್ ಸೊಟ್ಟ. ಆತ ಗೋಡೆಯನ್ನು ನಂಬಲಿಲ್ಲ. ಒಡಲನ್ನು ಕಟ್ಟುನಿಟ್ಟಾದ ಆಯತವಾಗಿ ಎಳೆದು, ಸೊಟ್ಟವನ್ನೆಲ್ಲ ಗೋಡೆಗೆ ಅಂಟಿದ ಕೊನೆಯ ಪಟ್ಟಿಗೆ ದಾಟಿಸಿದ. ಅಲ್ಲಿ ಮೇಜು, ಮಂಚ, ತೊಟ್ಟಿಲು ಬರುತ್ತವೆ, ಯಾರ ಕಣ್ಣಿಗೂ ಬೀಳದು!

ಮೊದಲ ಎರಡು ಪಟ್ಟಿಯನ್ನು ಎಲ್ ಆಕಾರದಲ್ಲಿ, ಮೂಲೆ ಗೆರೆಯ ಮೇಲೆ ಬರುವಂತೆ ಕೂಡಿಸಿದ. ಇದು ಕೂದಲೆಳೆಯಷ್ಟು ಜರುಗಿದರೂ ಕೊನೆಯ ಸಾಲಿಗೆ ಬೆರಳಗಲ ತಪ್ಪುತ್ತದೆ. ಕೋಲಮ್ಮಿನ ಮೊದಲ ಚುಕ್ಕಿ ಸರಿಯಿದ್ದರೆ ಮಿಕ್ಕದ್ದೆಲ್ಲ ತಾನಾಗಿ ಬರುವ ಹಾಗೆ. ಹಲ್ಲಿನ ಕರಣೆಯಿಂದ ಅಂಟು ಹರಡುವುದು, ಎಡಕ್ಕೊಂದು ಬಲಕ್ಕೊಂದು ಪಟ್ಟಿ ಇಡುವುದು, ಒಂದರ ನಾಲಗೆಯನ್ನು ಇನ್ನೊಂದರ ಗಾಡಿಗೆ ತೂರಿಸಿ ಮರದ ಸುತ್ತಿಗೆಯಿಂದ ತಟ್ಟುವುದು. ಎಡ, ಬಲ, ಎಡ, ಬಲ. ಜಡೆ ಹೆಣೆಯುವ ಕೈಯಂತೆಯೇ ಲಯ! ಪ್ರತಿ ಐದಾರು ಸಾಲಿಗೆ ಒಮ್ಮೆ ಹಿಂದೆ ಸರಿದು ದಾರ ಹಿಡಿದು ನೋಡುತ್ತಿದ್ದ. ಎರಡು ದಿನಕ್ಕೆ ಒಡಲು ಮುಗಿಯಿತು. ಮೊದಲು ಪಟ್ಟಿಗಳನ್ನು ಅಂಚಿನ ಗೆರೆ ದಾಟುವ ಹಾಗೆ ಬಿಟ್ಟು, ಅಂಟು ಆರಿದ ಮೇಲೆ ಗೆರೆಯ ಮೇಲೆ ಗರಗಸದ ಯಂತ್ರವನ್ನು ಒಂದೇ ಸಲಕ್ಕೆ ಓಡಿಸಿ ಬಿಟ್ಟ. ನಾಲ್ಕೂ ಬದಿ ಚಾಕುವಿನಿಂದ ಬರ್ಫಿ ಕೊಯ್ದ ಹಾಗೆ ನೀಟು!

ಅಂಚಿನ ಚೆಲುವು ಹೇಳುತ್ತೇನೆ. ಒಡಲಿಗೆ ತಾಗಿದಂತೆ ಮೂರು ಸೆಂಟಿಮೀಟರಿನ ಒಂದೇ ಒಂದು ಕಪ್ಪು ಗೆರೆ, ಅಕ್ರೋಟ ಮರದ್ದು. ಅದರಾಚೆ ಏಳೇಳು ಸೆಂಟಿಮೀಟರಿನ ಹೊಸ ಓಕ್ ಪಟ್ಟಿ ಮೂರು ಸಾಲು. ಗೋಡೆಯ ಬದಿಗೆ ಒಂದು ಸೆಂಟಿಮೀಟರ್ ಖಾಲಿ. ಮೂಲೆಗಳಲ್ಲಿ ಚಿತ್ರದ ಚೌಕಟ್ಟಿನಂತೆ ಓರೆಗೆ ಓರೆ ಕೂಡಿಸಿದ. ಹಳೆಯ ಓಕ್ ಜೇನಿನ ಬಣ್ಣ, ಹೊಸದು ಗೋಧಿಹಿಟ್ಟಿನ ಬಣ್ಣ. ನೇರವಾಗಿ ಪಕ್ಕಪಕ್ಕ ಇಟ್ಟರೆ ಒಂದಕ್ಕೊಂದು ಹೊಂದುತ್ತಿರಲಿಲ್ಲ. ನಡುವೆ ಆ ಕಪ್ಪು ಕಡ್ಡಿ ಬಂದದ್ದೇ ತಡ, ಬೇಕೆಂದೇ ಎರಡು ಬಣ್ಣ ಆರಿಸಿದಂತೆ ಆಯಿತು.

ಆ ಒಂದು ಸೆಂಟಿಮೀಟರ್ ಖಾಲಿ ಯಾಕೆಂದು ಕೇಳಿಸಿದೆ. ಮರ ಉಸಿರಾಡುತ್ತದೆ ಮದಾಮ್ ಅಂದ. ಗಾಳಿಯಲ್ಲಿ ತೇವ ಏರಿದಾಗ ಪಟ್ಟಿಗಳು ಅಗಲಕ್ಕೆ ಹಿಗ್ಗುತ್ತವೆ. ಜಾಗ ಬಿಡದಿದ್ದರೆ ನೆಲವೇ ಹಪ್ಪಳದಂತೆ ಉಬ್ಬಿ ಏಳುತ್ತದೆ. ಗೋಡೆಯ ಬುಡಕ್ಕೆ ಹೊಡೆಯುವ ಪಟ್ಟಿ ಈ ಸಂದಿಯನ್ನು ಮುಚ್ಚುತ್ತದೆ.

ಕೊನೆಗೆ ಉಜ್ಜುವುದು. ಕಾಯ್ಬೋತ್‌ನ ಮೂವರ ಕೆಲಸವನ್ನು ಈಗ ಯಂತ್ರ ಮಾಡುತ್ತದೆ. ಮೊದಲು 40ನೆಯ ನಂಬರಿನ ಒರಟು ಉಪ್ಪುಕಾಗದ, ಮತ್ತೆ 80, ಕೊನೆಗೆ 120. ಮೂಲೆಗಳಿಗೆ ಮಾತ್ರ ಇಂದಿಗೂ ಮಂಡಿಯೂರಿ ಕೈಯಿಂದಲೇ ಹೆರೆಯಬೇಕು. ಮೇಲೆ ಎರಡು ಸಲ ಎಣ್ಣೆ ಹಚ್ಚಿದ. ಎಣ್ಣೆ ಒರೆಸಿದ ಬಟ್ಟೆಗಳನ್ನು ನಾನು ಮುದ್ದೆ ಮಾಡಿ ಬುಟ್ಟಿಗೆ ಹಾಕಲು ಹೊರಟಾಗ ಓಡಿಬಂದು ತಡೆದ. ಅಗಸೆ ಎಣ್ಣೆಯ ಬಟ್ಟೆ ಮುದ್ದೆಯಾಗಿದ್ದರೆ ತಾನಾಗಿ ಕಾದು ಹೊತ್ತಿಕೊಳ್ಳುತ್ತದಂತೆ! ನೀರು ತುಂಬಿದ ಡಬ್ಬಿಯಲ್ಲಿ ಅದ್ದಿ ಮುಚ್ಚಳ ಹಾಕಿ ಕೊಂಡೊಯ್ದ.

ಕೆಳಗಿನ ಮನೆಯ ಅಜ್ಜಿ

ಮಗಳು ಮನೆಗೆ ಬಂದ ಮರುದಿನ ಕೆಳಗಿನ ಅಜ್ಜಿ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಒಂದು ಗಂಟು. ಬಾಗಿಲಲ್ಲೇ ನಿಂತು ನೆಲವನ್ನು ಎಷ್ಟೋ ಹೊತ್ತು ನೋಡಿದರು. ಗಂಟು ಬಿಚ್ಚಿದರೆ ದಪ್ಪ ಕಂಬಳಿಯಂಥ ಬಟ್ಟೆಯ ಎರಡು ಚೌಕ. ಹಿಂದೆಲ್ಲ ಮನೆಮನೆಯ ಬಾಗಿಲಲ್ಲಿ ಇವು ಇರುತ್ತಿದ್ದವಂತೆ. ಒಳಗೆ ಬಂದವರು ಒಂದೊಂದು ಕಾಲಿಗೆ ಒಂದೊಂದು ಚೌಕ ಇಟ್ಟುಕೊಂಡು ಜಾರುತ್ತಾ ನಡೆಯಬೇಕು. ನೆಲಕ್ಕೆ ಗೀರೂ ಬೀಳದು, ನಡೆದಂತೆಲ್ಲ ಹೊಳಪೂ ಬರುತ್ತದೆ. ಸಿರಿವಂತರ ಮನೆಯಲ್ಲಾದರೆ ಕಾಲಿಗೆ ಬ್ರಷ್ ಕಟ್ಟಿಕೊಂಡು ಕುಣಿಯುತ್ತಾ ನೆಲ ಉಜ್ಜುವ ಆಳುಗಳೇ ಬೇರೆ ಇರುತ್ತಿದ್ದರಂತೆ.

ಅಜ್ಜಿ ಚೌಕಗಳ ಮೇಲೆ ಕಾಲಿಟ್ಟು ಕಿಟಕಿಯವರೆಗೆ ಸುಂಯ್ ಎಂದು ಜಾರಿ ತೋರಿಸಿದರು. ಎಂಬತ್ತು ದಾಟಿದವರು! ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಅವರು ನನ್ನ ಕಡೆ ತಿರುಗಿ, ಮಗಳಿಂದ ಕೇಳಿಸಿದರು: "ಮಗುವನ್ನು ಎಲ್ಲಿ ಮೀಯಿಸುತ್ತೀರಿ?" ನಾನು ಬಚ್ಚಲುಮನೆ ತೋರಿಸಿದೆ. ಅಲ್ಲಿ ಕಲ್ಲಿನ ಟೈಲ್ಸು, ನೀರು ಹೋಗಲು ದಾರಿ ಎಲ್ಲ ಇದೆ. ಬಾಣಂತಿಯನ್ನು ಕೂರಿಸಲು ಮಣೆ, ಬಾಗಿಲ ಹೊರಗೆ ದಪ್ಪ ಟವೆಲು, ಒಂದು ಹನಿಯೂ ಹೊರಗೆ ಬಾರದ ಹಾಗೆ ಏರ್ಪಾಡು ಮಾಡಿಕೊಂಡಿದ್ದೆ. ಅಜ್ಜಿ ಎಲ್ಲ ನೋಡಿ ತಲೆಯಾಡಿಸಿದರು. ಅಕ್ಟೋಬರ್ 29ಕ್ಕೆ ಮೊಮ್ಮಗಳು ಹುಟ್ಟಿದಳು. ಮೀಯಿಸುವ ಮೊದಲ ದಿನ ಅಜ್ಜಿಯನ್ನೂ ಕರೆದೆ. ಎಣ್ಣೆ ಹಚ್ಚುವುದನ್ನು ಸ್ಟೂಲಿನ ಮೇಲೆ ಕೂತು ನೋಡಿದರು. ಅವರ ಚಾವಣಿಗೆ ಹೊಸ ಸುಣ್ಣ ಹೊಡೆಸಿದ್ದೂ ಆಯಿತು.

ನಮ್ಮ ಮನೆಗೆ ಆದೀತೇ?

ಊರಿಗೆ ಬಂದ ಮೇಲೆ ಗೆಳತಿಯರೆಲ್ಲ ಕೇಳುವ ಪ್ರಶ್ನೆ ಇದು. ಆಗಬಹುದು, ಆದರೆ ಯೋಚಿಸಿ ಮಾಡಬೇಕು. ಕರಾವಳಿ ಮಲೆನಾಡುಗಳಲ್ಲಿ ಬೇಸಿಗೆಗೂ ಮಳೆಗಾಲಕ್ಕೂ ಗಾಳಿಯ ತೇವ ಆಕಾಶ ಭೂಮಿ ಅಂತರ. ಗೆದ್ದಲಿನ ಕಾಟ ಬೇರೆ. ನೆಲಮಹಡಿಯ ಕೋಣೆಗೆ ತೇವ ಕೆಳಗಿನಿಂದಲೇ ಏರುತ್ತದೆ, ಅಲ್ಲಿ ಬೇಡ. ಮಹಡಿಯ ಮೇಲೆ, ನೀರು ತಾಗದ ಓದುವ ಕೋಣೆಗೋ ಮಲಗುವ ಕೋಣೆಗೋ ಚೆನ್ನ. ಮರ ಬಲಿತ ತೇಗವಾಗಲಿ. ಚೆನ್ನಾಗಿ ಒಣಗಿಸಿದ ಪಟ್ಟಿಗಳನ್ನು ತಂದು, ಹಾಸುವ ಕೋಣೆಯಲ್ಲೇ ಒಂದೆರಡು ವಾರ ಬಿಡಿಸಿ ಇಡಬೇಕು. ಹೊಸ ಸಿಮೆಂಟ್ ನೆಲವಾದರೆ ಒಂದು ಸೆಂಟಿಮೀಟರ್ ದಪ್ಪಕ್ಕೆ ಒಂದು ವಾರದಂತೆ ಆರಲು ಬಿಡಿ. ಗೋಡೆಯ ಬದಿಗೆ ಸಂದಿ ಬಿಡಲು ಮೇಸ್ತ್ರಿ ಮರೆತಾನು, ನೀವು ನಿಂತು ನೋಡಿ. ಅಳತೆಗಿಂತ ನೂರಕ್ಕೆ ಹತ್ತು ಹದಿನೈದರಷ್ಟು ಮರ ಹೆಚ್ಚಿಗೆ ತರಿಸಿ, ಉಳಿದ ಪಟ್ಟಿಗಳನ್ನು ಅಟ್ಟದ ಮೇಲಿಡಿ. ಮುಂದೆ ಒಂದು ಪಟ್ಟಿ ಹಾಳಾದರೆ ಅದೇ ಮರ ಸಿಗುತ್ತದೆ.

ಮರದ ಆಸೆ ಕೈಗೆಟುಕದಿದ್ದರೆ ವಿನ್ಯಾಸಕ್ಕೇನೂ ಬಡತನವಿಲ್ಲ. ಹಿತ್ತಿಲ ದಾರಿಗೆ ಇಟ್ಟಿಗೆಯನ್ನು ಹೀಗೆಯೇ ಜಡೆಯಾಗಿ ಹಾಸಿ, ಸುತ್ತ ಇಟ್ಟಿಗೆಯದೇ ಅಂಚು ಕಟ್ಟಿಸಿ. ಜಗಲಿಗೆ ಮಣ್ಣಿನ ಟೈಲ್ಸಿನಲ್ಲೂ ಆಗುತ್ತದೆ. ಮೊದಲ ಎಲ್ ಆಕಾರ ಸರಿಯಿರಲಿ, ಅಷ್ಟೆ.

ಮರದ ನೆಲವಿದ್ದವರಿಗೆ ಕೆಲವು ಕಿವಿಮಾತು

1. ದಿನವೂ ಮೆತ್ತನೆಯ ಪೊರಕೆ ಸಾಕು. ಮರಳು ಕಾಲಿಗೆ ಸಿಕ್ಕಿ ಉಜ್ಜಿದರೆ ಗೀರು ಬೀಳುತ್ತದೆ. ಬಾಗಿಲಲ್ಲಿ ಕಾಲೊರೆಸು ಇರಲಿ.

2. ಬಕೆಟ್ ನೀರು ಸುರಿಯಬೇಡಿ. ಬಟ್ಟೆಯನ್ನು ಹನಿ ಬೀಳದ ಹಾಗೆ ಹಿಂಡಿ ಒರೆಸಿ, ಮೇಲೆ ಒಣ ಬಟ್ಟೆ ಆಡಿಸಿ. ಚೆಲ್ಲಿದ ನೀರನ್ನು ಆಗಲೇ ಒರೆಸಿ.

3. ಸೋಡಾ, ಬ್ಲೀಚಿಂಗ್ ಪುಡಿ, ಫಿನಾಯಿಲ್ ಹಾಕಬಾರದು.

4. ಕುರ್ಚಿ ಮೇಜುಗಳ ಕಾಲಿಗೆ ಹಳೆಯ ಕಂಬಳಿಯ ತುಂಡು ಅಂಟಿಸಿ. ತೊಟ್ಟಿಲ ಕಾಲಿಗೂ.

5. ಎಣ್ಣೆ ಹಚ್ಚಿದ ನೆಲಕ್ಕೆ ವರ್ಷಕ್ಕೊಮ್ಮೆ ತೆಳ್ಳಗೆ ಎಣ್ಣೆ, ಮೇಣದ ನೆಲಕ್ಕೆ ಮೇಣ. ಒರೆಸಿದ ಬಟ್ಟೆಯನ್ನು ನೀರಲ್ಲಿ ಅದ್ದಿ ಬಿಸಾಡಿ. ಹೊಸದಾಗಿ ಮೇಣ ಹಚ್ಚಿದ ದಿನ ವಯಸ್ಸಾದವರು ಜಾರದಂತೆ ನೋಡಿಕೊಳ್ಳಿ.

6. ಕುಂಡದ ಕೆಳಗೆ ತಟ್ಟೆ ಇದ್ದರೂ ಸಾಲದು. ಮಣೆಯ ಮೇಲಿಟ್ಟರೆ ಅಡಿಗೆ ಗಾಳಿಯಾಡಿ ಕಲೆ ಬೀಳುವುದಿಲ್ಲ.

ಪ್ಯಾರಿಸ್ಸಿಗೆ ಹೋಗುವವರಿಗೆ ಕೊನೆಯದಾಗಿ ಒಂದು ಸೂಚನೆ: ವರ್ಸಾಯ್ 'ಸಿ' ಮಾರ್ಗದ ರೈಲಿನ ಕಡೆಯ ನಿಲ್ದಾಣ. ಅರಮನೆಗೂ ಓರ್ಸೆ ಮ್ಯೂಸಿಯಮ್ಮಿಗೂ ಸೋಮವಾರ ರಜೆ. ಮಿಕ್ಕ ದಿನ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಜನ ತುಂಬಿದ ಮೇಲೆ ನೆಲ ಕಾಣುವುದಿಲ್ಲ.